ಸ್ಟೆಪ್ನಿಯಿಂದ ಸೆನ್ಸರ್‌ವರೆಗೆ: ಗಾಲಿಯೊಳಗಿನ ಗಾಳಿಯ ಚರಿತ್ರೆ

‘ಟೈರ್ ಸಿಡಿದು ಕಾರು ಪಲ್ಟಿ.’ ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥವರು ಪ್ರತಿ ಬೇಸಿಗೆಯಲ್ಲೂ ಬರೆಯುವ ತಲೆಬರಹ ಇದು. ಕುಷ್ಟಗಿಯಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಇರಲಿ, ಕೊಪ್ಪಳದಲ್ಲಿ ಹಾದುಹೋಗುವ 67 ಇರಲಿ, ಸುದ್ದಿಯ ಅಚ್ಚು ಒಂದೇ. ಊರು, ಸಮಯ, ಗಾಯಾಳುಗಳ ಸಂಖ್ಯೆ, ಠಾಣೆಯ ಹೆಸರು. ಆ ಟೈರಿನಲ್ಲಿ ಆ ಹೊತ್ತಿಗೆ ಎಷ್ಟು ಗಾಳಿ ಇತ್ತು ಅನ್ನುವುದನ್ನು ಕೇಳುವವರು ಕಡಿಮೆ.

ಗಾಲಿಯೊಳಗಿನ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ತಿಳಿಯಲು ಮನುಷ್ಯ ಮೊದಲು ಕಿವಿ ಕೊಟ್ಟ, ಆಮೇಲೆ ಕಾಲಿನಿಂದ ಒದ್ದು ನೋಡಿದ, ಗೇಜಿನ ಮುಳ್ಳು ನೋಡಿದ. ಈಗ ಗಾಲಿಯ ಒಳಗೇ ಒಂದು ಸಣ್ಣ ರೇಡಿಯೊ ಕೂರಿಸಿದ್ದಾನೆ. ಆ ರೇಡಿಯೊಕ್ಕೊಂದು ಬ್ಯಾಟರಿ, ಆ ಬ್ಯಾಟರಿಗೊಂದು ಆಯಸ್ಸು. ನಮ್ಮ ದೇಶದಲ್ಲಿ 2019-20ರಲ್ಲಿ ಮಾರಾಟವಾದ ಮೊದಲ ಸುತ್ತಿನ ದೂರ ಓಡುವ ಎಲೆಕ್ಟ್ರಿಕ್ ಕಾರುಗಳು ಈಗ ಹಳೆಯವಾಗುತ್ತಿವೆ. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಎರಡನೇ ಕೈಗೆ ಬಂದು ಗಂಗಾವತಿಯಂಥ ಊರಿನ ಟೈರ್ ಅಂಗಡಿಗಳ ಮುಂದೆ ನಿಲ್ಲುವ ಕಾಲ ಇದು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತಿರುತ್ತದೆ, ಗಾಲಿಯಲ್ಲಿ ಗಾಳಿ ಸರಿಯಾಗೇ ಇರುತ್ತದೆ. ಸತ್ತಿರುವುದು ಸೆನ್ಸರ್. ಅದನ್ನು ಬದಲಿಸಬೇಕೇ, ಬಿಡಬೇಕೇ, ಯಾರು ಬದಲಿಸಬೇಕು ಅನ್ನುವ ಪ್ರಶ್ನೆಗಳು ಸಣ್ಣವು ಅನ್ನಿಸುತ್ತವೆ. ಅವುಗಳ ಹಿಂದೆ ಇರುವ ಚರಿತ್ರೆ ನೋಡಿದರೆ ಅಷ್ಟು ಸಣ್ಣವಲ್ಲ ಅನ್ನುವುದು ತಿಳಿಯುತ್ತದೆ.

ಗಾಳಿಯಿಲ್ಲದ ಗಾಲಿ

ನಮ್ಮ ಸೀಮೆಯಲ್ಲಿ ಗಾಲಿಯ ಚರಿತ್ರೆ ಅಂದರೆ ಮೊದಲು ನೆನಪಾಗುವುದು ಹೊಳೆಯಾಚೆಯ ಹಂಪಿಯ ವಿಜಯವಿಠ್ಠಲ ಗುಡಿಯ ಕಲ್ಲಿನ ರಥ. ಆ ಗಾಲಿಗಳನ್ನು ಈಗ ತಿರುಗದಂತೆ ಭದ್ರ ಮಾಡಿದ್ದಾರೆ. ಊರೊಳಗಿನ ನಿಜವಾದ ಗಾಲಿ ಮಾತ್ರ ಮರದ್ದು. ಬಡಿಗೇರ ಗುಂಬ, ಅರ, ವಟ್ಟು ಕೂಡಿಸಿ ಗಾಲಿ ಕಟ್ಟುತ್ತಿದ್ದ. ಕಮ್ಮಾರ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಅದರ ಮೇಲೆ ಇಳಿಸಿ ನೀರು ಸುರಿಯುತ್ತಿದ್ದ. ಕಬ್ಬಿಣ ತಣಿದು ಕುಗ್ಗಿದಾಗ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಅದರಲ್ಲಿ ಗಾಳಿ ಇರಲಿಲ್ಲ, ಹೀಗಾಗಿ ಗಾಳಿ ನೋಡುವ ಕೆಲಸವೂ ಇರಲಿಲ್ಲ. ಕೀಲೆಣ್ಣೆ ಮುಗಿದರೆ ಗಾಲಿಯೇ ಕಿರ್ರೆಂದು ಕೂಗಿ ಹೇಳುತ್ತಿತ್ತು. ಹಳಿ ಸಡಿಲವಾದರೆ ಸಪ್ಪಳ ಬದಲಾಗುತ್ತಿತ್ತು. ಬಂಡಿ ಹೊಡೆಯುವವನ ಕಿವಿಯೇ ಅಂದಿನ ಸೆನ್ಸರ್.

ಗಾಲಿಯೊಳಗೆ ಗಾಳಿ ತುಂಬುವ ಯೋಚನೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್‌ನದು. 1845ರಲ್ಲೇ ಅವನು ಪೇಟೆಂಟ್ ಪಡೆದ. ಆದರೆ ಕೊಳ್ಳುವವರಿರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅದೇ ಯೋಚನೆಯನ್ನು ಹೊಸದಾಗಿ ಕಂಡುಕೊಂಡು ಪೇಟೆಂಟ್ ಮಾಡಿಸಿದ. ಆ ಹೊತ್ತಿಗೆ ಸೈಕಲ್ ಬಂದಿತ್ತು, ಕೊಳ್ಳುವವರೂ ಇದ್ದರು. ಅದೇ ಸುಮಾರಿಗೆ ನ್ಯೂಯಾರ್ಕಿನ ಶ್ರೇಡರ್ ಕಂಪನಿಯ ವಾಲ್ವ್ ಬಂತು. ಇವತ್ತಿಗೂ ನಮ್ಮ ಕಾರು, ಬೈಕು, ಟ್ರ್ಯಾಕ್ಟರುಗಳ ಗಾಳಿ ಒಳಗೆ ಹೋಗುವುದು ಬಹುಪಾಲು ಅದೇ ಮಾದರಿಯ ವಾಲ್ವಿನ ಮೂಲಕ. ಮುಂದೆ ಸೆನ್ಸರ್ ಕೂರುವುದೂ ಇದೇ ವಾಲ್ವಿನ ಬುಡದಲ್ಲಿ ಅನ್ನುವುದನ್ನು ನೆನಪಿಡಬೇಕು.

ಇನ್ನೊಂದು ಸಂಗತಿ. ರಸ್ತೆಯ ಮೇಲೆ ಗಂಟೆಗೆ ನೂರು ಕಿಲೋಮೀಟರ್ ವೇಗ ಮೊದಲು ದಾಟಿದ್ದು ಪೆಟ್ರೋಲ್ ಕಾರಲ್ಲ, ಎಲೆಕ್ಟ್ರಿಕ್ ಕಾರು. 1899ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಜಿ ಓಡಿಸಿದ ಆ ಕಾರಿಗೆ ಹಾಕಿದ್ದು ಮಿಶೆಲಿನ್ ಕಂಪನಿಯ ಗಾಳಿ ತುಂಬಿದ ಟೈರು. ಕರೆಂಟಿನ ಕಾರಿಗೂ ಗಾಳಿಯ ಟೈರಿಗೂ ನಂಟು ಅಷ್ಟು ಹಳೆಯದು.

ಡನ್ಲಪ್ ಗಾಡಿ ಮತ್ತು ಕಾಲುವೆ

ಡನ್ಲಪ್ ಅನ್ನುವ ಪಶುವೈದ್ಯನ ಹೆಸರು ನಮ್ಮ ಹಳ್ಳಿಗೆ ಬಂದದ್ದು ಎತ್ತಿನ ಜೊತೆಗೇ. ಡನ್ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಎತ್ತಿನ ಗಾಡಿಗೆ ಹಾಕುವ ಗಾಳಿಯ ಟೈರು ಹಳ್ಳಿಗಳಿಗೆ ಹಬ್ಬುತ್ತಾ ಬಂದು, ಯಾವ ಕಂಪನಿಯ ಟೈರಾದರೂ ಸರಿ, ಅಂಥ ಗಾಡಿಗೆ ‘ಡನ್ಲಪ್ ಗಾಡಿ’ ಅಂತಲೇ ಹೆಸರು ನಿಂತಿತು. ಅದೇ ಜೋಡಿ ಎತ್ತು ಮೊದಲಿಗಿಂತ ಹೆಚ್ಚು ಭಾರ ಎಳೆದವು, ಕಬ್ಬಿಣದ ಹಳಿಯಿಂದ ರಸ್ತೆ ಕೊರೆಯುವುದು ತಪ್ಪಿತು. ಬದಲಿಗೆ ಹೊಸದೊಂದು ತಾಪತ್ರಯ ಬಂತು, ಪಂಕ್ಚರ್. ಜಾಲಿಮುಳ್ಳಿನ ನಾಡಿನಲ್ಲಿ ಅದು ಸಣ್ಣ ತಾಪತ್ರಯವಲ್ಲ.

ಗಂಗಾವತಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯ ತಾಲ್ಲೂಕು. ಆ ಸಂಸ್ಥಾನದಲ್ಲಿ ಸರ್ಕಾರವೇ ಬಸ್ಸು ಓಡಿಸಲು ಶುರು ಮಾಡಿದ್ದು 1932ರಲ್ಲಿ, 27 ಬಸ್ಸುಗಳೊಂದಿಗೆ. ನಮ್ಮ ಸೀಮೆಯ ಗಾಲಿಯ ಚರಿತ್ರೆಯನ್ನು ನಿಜವಾಗಿ ಬದಲಿಸಿದ್ದು ಮಾತ್ರ ಬಸ್ಸಲ್ಲ, ನೀರು. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ ಸೇರಿ 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ಅಣೆಕಟ್ಟೆ ಸಿದ್ಧವಾಯಿತು. ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಜೋಳದ ಹೊಲ ಭತ್ತದ ಗದ್ದೆಯಾಯಿತು. 1956ರಲ್ಲಿ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಹೊಸ ಕೊಪ್ಪಳ ಜಿಲ್ಲೆಗೆ ಬಂತು. ಅಷ್ಟರಲ್ಲಿ ಗಂಗಾವತಿಗೆ ‘ಭತ್ತದ ಕಣಜ’ ಅನ್ನುವ ಹೆಸರು ಗಟ್ಟಿಯಾಗಿತ್ತು.

ಭತ್ತ ಅಂದರೆ ಸಾಗಾಟ. ಗದ್ದೆಯಿಂದ ಗಿರಣಿಗೆ ಟ್ರ್ಯಾಕ್ಟರು, ಗಿರಣಿಯಿಂದ ಹೊರರಾಜ್ಯಕ್ಕೆ ಲಾರಿ. ಅಕ್ಕಿ ಗಿರಣಿಗಳ ಸಾಲಿನ ಎದುರಿಗೆ ಪಂಕ್ಚರ್ ಅಂಗಡಿಗಳ ಸಾಲು ಹುಟ್ಟಿದ್ದು ಹೀಗೆ. ಕಾರಟಗಿ ಕಡೆಗೆ ಹೋಗಲಿ, ಸಿಂಧನೂರು ಕಡೆಗೆ ಹೋಗಲಿ, ಒಂದು ಕಂಪ್ರೆಸರ್, ಒಂದು ನೀರಿನ ತೊಟ್ಟಿ, ಗೋಡೆಗೆ ನೇತು ಹಾಕಿದ ಹಳೆ ಟೈರು ಕಂಡರೆ ಅದೇ ಅಂಗಡಿ. ಲಾರಿ ನಿಂತ ಕೂಡಲೇ ಕ್ಲೀನರ್ ಹುಡುಗ ಇಳಿದು ಕಬ್ಬಿಣದ ಸರಳಿನಿಂದ ಒಂದೊಂದೇ ಟೈರಿಗೆ ಬಡಿಯುತ್ತಾ ಹೋಗುತ್ತಾನೆ. ಗಾಳಿ ತುಂಬಿದ ಟೈರು ‘ಠಣ್’ ಅನ್ನುತ್ತದೆ, ಇಳಿದ ಟೈರು ‘ಧಪ್’ ಅನ್ನುತ್ತದೆ. ಜೋಡಿ ಗಾಲಿಯ ಒಳಗಿನ ಟೈರು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಿವಿಗೆ ಸಿಗುತ್ತದೆ. ಬಂಡಿಯವನ ಕಿವಿಯೇ ಲಾರಿಗೂ ಬಂತು.

ಸ್ಟೆಪ್ನಿ ಅನ್ನುವ ಬೀದಿ

ಈ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪದ ‘ಸ್ಟೆಪ್ನಿ’. ‘ಸ್ಟೆಪ್ನಿ ಐತೇನಣ್ಣ?’, ‘ಸ್ಟೆಪ್ನಿಗೂ ಹವಾ ಹೊಡಿ’. ಅದು ನಮ್ಮದೇ ಪದ ಅನ್ನುವಷ್ಟು ಬಳಕೆಯಾಗಿದೆ. ಅದರ ಮೂಲ ವೇಲ್ಸ್‌ನ ಲನೆತ್ಲಿ ಅನ್ನುವ ಊರಿನ ಒಂದು ಬೀದಿ. 1904ರ ಸುಮಾರಿಗೆ ಅಲ್ಲಿನ ಡೇವಿಸ್ ಸಹೋದರರು ಕಾರಿನ ಜೊತೆ ಒಯ್ಯಬಹುದಾದ ಬದಲಿ ಗಾಲಿಯೊಂದನ್ನು ತಯಾರಿಸಿ ಮಾರಿದರು. ಆಗಿನ ಕಾರುಗಳಿಗೆ ಬದಲಿ ಗಾಲಿ ಕೊಡುತ್ತಿರಲಿಲ್ಲ. ಪಂಕ್ಚರ್ ಆದರೆ ರಸ್ತೆಯಲ್ಲೇ ಟೈರು ಬಿಚ್ಚಿ ಕೂರಬೇಕಿತ್ತು. ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ, ಗಾಲಿಗೂ ಅದೇ ಹೆಸರಾಯಿತು. ಇಂಗ್ಲೆಂಡಿನವರು ಆ ಪದವನ್ನು ಹೆಚ್ಚುಕಡಿಮೆ ಮರೆತರು. ನಾವು ಉಳಿಸಿಕೊಂಡೆವು.

ಸ್ಟೆಪ್ನಿ ಬಂದ ಮೇಲೆ ನೂರು ವರ್ಷ ಗಾಳಿಯ ಬಗ್ಗೆ ಕಾರಿನವರ ಚಿಂತೆ ಕಡಿಮೆಯಾಯಿತು. ಇಳಿದರೆ ಇಳಿಯಲಿ, ಹಿಂದೆ ಇನ್ನೊಂದು ಇದೆ. ಗಾಳಿ ನೋಡದೆ ಓಡಿಸುವ ಅಭ್ಯಾಸಕ್ಕೆ ಸ್ಟೆಪ್ನಿಯೂ ಒಂದು ಕಾರಣ.

ಅಮೆರಿಕದ ಸಾವುಗಳು, ನಮ್ಮ ಹಳದಿ ದೀಪ

ರೇಡಿಯಲ್ ಟೈರು ಬಂದ ಮೇಲೆ ಕಣ್ಣಿನ ಅಂದಾಜು ಕೈಕೊಟ್ಟಿತು. ಹಳೆಯ ಟೈರಿನಲ್ಲಿ ಗಾಳಿ ಇಳಿದರೆ ಪಕ್ಕದ ಗೋಡೆ ಉಬ್ಬಿ ಹೇಳುತ್ತಿತ್ತು. ರೇಡಿಯಲ್ ಟೈರು ಗಾಳಿ ಸರಿಯಿದ್ದಾಗಲೂ ಸ್ವಲ್ಪ ಉಬ್ಬಿಯೇ ಇರುತ್ತದೆ. 33 ಪೌಂಡ್ ಇರುವ ಟೈರು, 25 ಪೌಂಡ್ ಇರುವ ಟೈರು ಅಕ್ಕಪಕ್ಕ ಇಟ್ಟರೆ ಅನುಭವಿಗೂ ಗುರುತು ಸಿಗುವುದು ಕಷ್ಟ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಚುಚ್ಚಿದರೂ ಗಾಳಿ ಒಮ್ಮೆಲೇ ಹೋಗುವುದಿಲ್ಲ, ದಿನಗಟ್ಟಲೆ ಸೋರುತ್ತದೆ. ಗಾಳಿ ಕಡಿಮೆಯಿದ್ದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ಆ ಮಡಚಾಟದಿಂದ ಕಾವು ಏರುತ್ತದೆ. ಕಾವು ಏರಿದರೆ ರಬ್ಬರು, ಒಳಗಿನ ಉಕ್ಕಿನ ಪಟ್ಟಿ ಒಂದನ್ನೊಂದು ಬಿಡುತ್ತವೆ. ಸಿಡಿತ ಅನ್ನುವುದು ಅನೇಕ ಸಲ ಇದರ ಕೊನೆಯ ಹಂತ.

ನಮ್ಮಲ್ಲಿ ಒಂದು ನಂಬಿಕೆ ಇದೆ. ‘ಬ್ಯಾಸಿಗಿಗೆ ಹವಾ ಹಿಗ್ತೈತಿ, ಎರಡು ಪೌಂಡ್ ಕಮ್ಮಿ ಹೊಡಿ’ ಅನ್ನುವುದು. ಅರ್ಧ ನಿಜ. ಹತ್ತು ಡಿಗ್ರಿ ಶಾಖ ಏರಿದರೆ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪೌಂಡ್ ಏರುತ್ತದೆ. 15 ಡಿಗ್ರಿಯ ಮುಂಜಾನೆ 33 ಪೌಂಡ್ ಇದ್ದ ಟೈರು 42 ಡಿಗ್ರಿಗೆ ಬಂದರೆ ನಾಲ್ಕು ಪೌಂಡಿಗಿಂತ ಹೆಚ್ಚು ಏರಿರುತ್ತದೆ. ಟೈರನ್ನು ಆ ಏರಿಕೆ ತಡೆಯುವಂತೆಯೇ ಮಾಡಿರುತ್ತಾರೆ. ಮೊದಲೇ ಕಡಿಮೆ ಹೊಡೆಸಿದರೆ ಮಡಚಾಟ ಹೆಚ್ಚಿ, ತಪ್ಪಿಸಲು ಹೊರಟ ಕಾವೇ ಹೆಚ್ಚುತ್ತದೆ. ಮಧ್ಯಾಹ್ನ ದೂರ ಓಡಿ ಬಂದ ಬಿಸಿ ಟೈರಿಗೆ ಅಳೆದು 33 ಮಾಡಿಸಿದರೆ, ಮರುದಿನ ಮುಂಜಾನೆ ಅದು 33 ಇರುವುದಿಲ್ಲ. ಗಾಳಿ ನೋಡಬೇಕಾದದ್ದು ತಣ್ಣಗಿರುವ ಟೈರಿನಲ್ಲಿ.

ಗಾಲಿಯೊಳಗಿನ ಒತ್ತಡವನ್ನು ಕಾರೇ ಚಾಲಕನಿಗೆ ಹೇಳುವ ವ್ಯವಸ್ಥೆ ಮೊದಲು ಬಂದದ್ದು 1986ರ ಪೋರ್ಷೆ 959 ಅನ್ನುವ ದುಬಾರಿ ಓಟದ ಕಾರಿನಲ್ಲಿ. ಅದು ಶ್ರೀಮಂತರ ಸೌಕರ್ಯವಾಗಿಯೇ ಉಳಿಯಬಹುದಿತ್ತು. ಅದನ್ನು ಕಾನೂನು ಮಾಡಿದ್ದು ಸಾವುಗಳು. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಅಮೆರಿಕದಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಯಿತು. ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳಲ್ಲಿದ್ದವು. ಓಡುವಾಗಲೇ ಟೈರಿನ ಮೇಲ್ಪದರ ಕಳಚಿ, ಕಾರು ಪಲ್ಟಿಯಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಕಾರಿಗೆ ಕಂಪನಿ ಹೇಳಿದ್ದ ಗಾಳಿ 26 ಪೌಂಡ್. ಅದು ಕಡಿಮೆಯಾಯಿತೇ ಅನ್ನುವುದರ ಮೇಲೆ ಎರಡು ಕಂಪನಿಗಳು ಬಹಿರಂಗವಾಗಿ ಜಗಳವಾಡಿದವು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕ ಟ್ರೆಡ್ ಕಾಯ್ದೆ ಮಾಡಿತು. ಅದರ ಅಡಿ ಬಂದ ನಿಯಮದಂತೆ, ಹೇಳಿದ ಒತ್ತಡಕ್ಕಿಂತ ಗಾಳಿ ಶೇ 25ರಷ್ಟು ಇಳಿದರೆ ಕಾರು ಚಾಲಕನಿಗೆ ದೀಪ ತೋರಿಸಲೇಬೇಕು. 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು. ಯುರೋಪಿನಲ್ಲಿ 2012ರಿಂದ ಹೊಸ ಮಾದರಿಗಳಿಗೆ, 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ.

ನಮ್ಮ ದೇಶದಲ್ಲಿ ಅದು ಬೇರೆ ದಾರಿಯಿಂದ ಬಂತು. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಸರಿಪಡಿಸುವ ಕಿಟ್ ಮತ್ತು ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ, ಇವಿಷ್ಟೂ ಇದ್ದರೆ ಮೂರೂವರೆ ಟನ್‌ವರೆಗಿನ ಪ್ರಯಾಣಿಕ ಕಾರಿಗೆ ಸ್ಟೆಪ್ನಿ ಕೊಡಬೇಕಾಗಿಲ್ಲ. ಉಳಿಯುವ ಜಾಗದಲ್ಲಿ ಎಲೆಕ್ಟ್ರಿಕ್ ಕಾರಿಗೆ ದೊಡ್ಡ ಬ್ಯಾಟರಿ ಇಡಬಹುದು ಅನ್ನುವುದೂ ಕೊಟ್ಟ ಕಾರಣಗಳಲ್ಲಿ ಒಂದು.

ಇದು ಇಡೀ ಕಥೆಯ ತಿರುವು. ಅಮೆರಿಕದಲ್ಲಿ ಸೆನ್ಸರ್ ಬಂದದ್ದು ಸ್ಟೆಪ್ನಿ ಇದ್ದರೂ ಜನ ಸಾಯುತ್ತಾರೆ ಅಂತ. ನಮ್ಮಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಸ್ಟೆಪ್ನಿಯ ಬದಲಿಗೆ. ಅಂದ ಮೇಲೆ ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಸೆನ್ಸರ್ ಸತ್ತರೆ, ಬದಲಿಯ ಬದಲಿಯೇ ಹೋದಂತೆ.

ರೇವಾದಿಂದ ಇಲ್ಲಿಗೆ

ಎಲೆಕ್ಟ್ರಿಕ್ ಕಾರಿನ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಮೈನಿ ಸಮೂಹ 1994ರಲ್ಲಿ ಅಮೆರಿಕದ ಕಂಪನಿಯೊಂದರ ಜೊತೆ ಸೇರಿ ರೇವಾ ಕಂಪನಿ ಕಟ್ಟಿತು. ಚೇತನ್ ಮೈನಿ ಅದರ ಮುಂದಾಳು. 2001ರಲ್ಲಿ ಬೆಂಗಳೂರಿನ ರಸ್ತೆಗೆ ಇಳಿದ ರೇವಾ ಎರಡು ಬಾಗಿಲಿನ ಗುಬ್ಬಿಯಂಥ ಕಾರು. ಸೀಸ-ಆಮ್ಲದ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಲಂಡನ್ನಿನಲ್ಲಿ ಅದೇ ಕಾರು 2004ರಿಂದ ‘ಜಿ-ವಿಜ್’ ಅನ್ನುವ ಹೆಸರಿನಲ್ಲಿ ಓಡಿತು. 2010ರಲ್ಲಿ ಮಹೀಂದ್ರ ಕಂಪನಿ ಹೆಚ್ಚಿನ ಪಾಲು ಕೊಂಡಿತು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. 2017ರಲ್ಲಿ ಕರ್ನಾಟಕ ಎಲೆಕ್ಟ್ರಿಕ್ ವಾಹನಗಳಿಗಾಗಿಯೇ ಪ್ರತ್ಯೇಕ ನೀತಿ ಹೊರಡಿಸಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದು.

ಇವೆಲ್ಲ ಊರೊಳಗೆ ಓಡಾಡುವ ಕಾರುಗಳ ಕಾಲ. 80 ಕಿಲೋಮೀಟರ್ ಅಂದರೆ ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗಿ ಬರುವುದಕ್ಕೂ ಎದೆ ಗಟ್ಟಿ ಮಾಡಿಕೊಳ್ಳಬೇಕು. ಹೆದ್ದಾರಿ ತುಳಿಯುವ ಎಲೆಕ್ಟ್ರಿಕ್ ಕಾರು ಬಂದದ್ದು 2019ರ ಜುಲೈನಲ್ಲಿ ಹುಂಡೈ ಕೋನಾ, 2020ರ ಜನವರಿಯಲ್ಲಿ ಎಂಜಿ ಝಡ್ಎಸ್ ಮತ್ತು ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಬಂದ ಮೇಲೆ. ಇಂಥ ಕಾರುಗಳ ಜೊತೆ ಗಾಲಿಯ ಸೆನ್ಸರ್ ಕೂಡ ನಮ್ಮ ರಸ್ತೆಗಳಲ್ಲಿ ಹೆಚ್ಚಾಗುತ್ತಾ ಬಂತು.

ಎಲೆಕ್ಟ್ರಿಕ್ ಕಾರಿಗೆ ಗಾಳಿಯ ಲೆಕ್ಕ ಪೆಟ್ರೋಲ್ ಕಾರಿಗಿಂತ ಹೆಚ್ಚು ಮುಖ್ಯ. ಬ್ಯಾಟರಿಯ ಭಾರದಿಂದ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಅದು ತೂಕ ಹೆಚ್ಚು, ಆ ತೂಕವೆಲ್ಲ ನಾಲ್ಕು ಟೈರಿನ ಮೇಲೆ. ಗಾಳಿ ಇಳಿದರೆ ಉರುಳುವ ತಡೆ ಹೆಚ್ಚಿ, ಚಾರ್ಜು ಬೇಗ ಇಳಿಯುತ್ತದೆ. ಮತ್ತೆ, ಎಂಜಿನ್ನಿನ ಸಪ್ಪಳವಿಲ್ಲದ ಈ ಕಾರಿನಲ್ಲಿ ಕಿವಿಗೆ ಕೆಲಸ ಸಿಗಬೇಕಿತ್ತು, ಆದರೆ ಕಿಟಕಿ ಏರಿಸಿ ಎ.ಸಿ. ಹಾಕಿ ಕೂತವನಿಗೆ ಟೈರಿನ ದನಿ ಕೇಳುವುದಿಲ್ಲ.

ಗುಂಡಿಯಷ್ಟು ಬ್ಯಾಟರಿ

ಈ ಸೆನ್ಸರ್ ಅಂದರೆ ಏನು? ಎರಡು ಬಗೆ ಇವೆ. ಒಂದರಲ್ಲಿ ಗಾಲಿಯೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಸ್ವಲ್ಪ ಕುಗ್ಗುತ್ತದೆ, ಆ ಗಾಲಿ ಉಳಿದವುಗಳಿಗಿಂತ ತುಸು ಬೇಗ ತಿರುಗುತ್ತದೆ. ಬ್ರೇಕಿನ ಎಬಿಎಸ್ ವ್ಯವಸ್ಥೆ ಆ ವ್ಯತ್ಯಾಸ ಹಿಡಿದು ದೀಪ ಹಚ್ಚುತ್ತದೆ. ಇದರಲ್ಲಿ ಬದಲಿಸಲು ಗಾಲಿಯೊಳಗೆ ಸೆನ್ಸರೇ ಇಲ್ಲ. ಗಾಳಿ ಸರಿ ಮಾಡಿ ಮೆನುವಿನಲ್ಲಿ ರಿಸೆಟ್ ಮಾಡಿದರೆ ಸಾಕು.

ಇನ್ನೊಂದು ನೇರ ಬಗೆ. ವಾಲ್ವಿನ ಬುಡಕ್ಕೆ, ರಿಮ್ಮಿನ ಒಳಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪೆಟ್ಟಿಗೆ. ಅದರೊಳಗೆ ಒತ್ತಡ ಅಳೆಯುವ ಚಿಪ್ಪು, ರೇಡಿಯೊ, ಗುಂಡಿಯಷ್ಟು ದೊಡ್ಡ ಲಿಥಿಯಂ ಸೆಲ್. ಗಾಲಿ ತಿರುಗುವಾಗ ಎಚ್ಚರಾಗಿ ತನ್ನ ಗುರುತಿನ ಸಂಖ್ಯೆ, ಒತ್ತಡ, ಶಾಖ ಹೇಳುತ್ತದೆ. ನಿಂತಾಗ ಬಹುತೇಕ ಮಲಗುತ್ತದೆ. ತೇವ, ಅದುರಾಟ ತಾಗದಿರಲೆಂದು ಇಡೀ ಪೆಟ್ಟಿಗೆಗೆ ರಾಳ ಸುರಿದು ಮುಚ್ಚಿರುತ್ತಾರೆ. ಹೀಗಾಗಿ ಸೆಲ್ ಮಾತ್ರ ಬದಲಿಸುವಂತಿಲ್ಲ. ಐದರಿಂದ ಹತ್ತು ವರ್ಷಕ್ಕೆ ಸೆಲ್ ಮುಗಿಯುತ್ತದೆ, ಸೆನ್ಸರೂ ಮುಗಿಯುತ್ತದೆ. ನಾಲ್ಕೂ ಒಂದೇ ದಿನ ಕಾರಿಗೆ ಬಂದವು, ಹೆಚ್ಚುಕಡಿಮೆ ಒಂದೇ ಹಂಗಾಮಿನಲ್ಲಿ ಹೋಗುತ್ತವೆ.

ಸೆನ್ಸರ್ ಸತ್ತಿದೆಯೋ ಗಾಳಿ ಇಳಿದಿದೆಯೋ ಅನ್ನುವುದನ್ನು ದೀಪವೇ ಹೇಳುತ್ತದೆ. ಕುದುರೆ ಲಾಳದಂಥ ಗುರುತಿನ ನಡುವೆ ಆಶ್ಚರ್ಯಸೂಚಕ ಇರುವ ಹಳದಿ ದೀಪ ಅದು. ಕಾರು ಶುರು ಮಾಡಿದಾಗ ನೇರವಾಗಿ ಉರಿದು ನಿಂತರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಸಾಮಾನ್ಯವಾಗಿ ಒಂದು, ಒಂದೂವರೆ ನಿಮಿಷ ಮಿಟುಕಿ ಆಮೇಲೆ ಉರಿದು ನಿಂತರೆ ವ್ಯವಸ್ಥೆಯಲ್ಲೇ ದೋಷ. ಎರಡೂ ಸಲ ಮೊದಲು ಕೈಗೆಜ್ಜಿನಿಂದ ನಾಲ್ಕೂ ಟೈರು ನೋಡುವುದೇ ಬುದ್ಧಿವಂತಿಕೆ.

ಬದಲಿಸುವ ಕೆಲಸದ ಹೆಚ್ಚಿನ ಪಾಲು ಪಂಕ್ಚರ್ ಅಂಗಡಿಯ ಹಳೆಯ ಕೆಲಸವೇ. ಕಾರು ಎತ್ತುವುದು, ಗಾಲಿ ಬಿಚ್ಚುವುದು, ಗಾಳಿ ಬಿಡುವುದು, ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸುವುದು. ಹೊಸದು ಇಷ್ಟು. ಜಾಕಿ ಕೊಡಬೇಕಾದದ್ದು ಕಂಪನಿ ಗುರುತು ಮಾಡಿದ ಜಾಗಕ್ಕೆ ಮಾತ್ರ, ಯಾಕೆಂದರೆ ಈ ಕಾರುಗಳ ಹೊಟ್ಟೆಯಡಿ ಇರುವುದು ಓಡಿಸುವ ಬ್ಯಾಟರಿ. ಅಂಚು ಬಿಡಿಸುವ ಮಷೀನಿನ ಹಲಗೆ ವಾಲ್ವಿನ ಹತ್ತಿರ ಬೀಳಬಾರದು, ಬಿದ್ದರೆ ಸೆನ್ಸರ್ ಪುಡಿ. ಸೆನ್ಸರ್ ಜೊತೆ ವಾಲ್ವಿನ ರಬ್ಬರು, ಒಳಗಿನ ಪಿನ್ನು ಹೊಸದಾಗಬೇಕು. ಅಲ್ಯುಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪದ ಪಿನ್ನೇ ಬೇಕು, ಬರೀ ಹಿತ್ತಾಳೆಯದು ಹಾಕಿದರೆ ತೇವ ಸೇರಿ ಎರಡೂ ಕಚ್ಚಿಕೊಳ್ಳುತ್ತವೆ. ನಟ್ಟು ಬಿಗಿಯುವುದು ಮೆಲ್ಲಗೆ, ಲಾರಿಯ ನಟ್ಟಿನಂತಲ್ಲ. ಪಂಕ್ಚರ್ ಕಿಟ್ಟಿನ ಅಂಟು ದ್ರವ ಮೊದಲು ಹಾಕಿದ್ದರೆ ರಿಮ್ಮು ಒರೆಸಿ ತೊಳೆಯಬೇಕು, ಅದು ಸೆನ್ಸರಿನ ಸಣ್ಣ ರಂಧ್ರ ಮುಚ್ಚುತ್ತದೆ. ಕೊನೆಗೆ ಗಾಲಿಯ ತೂಕ ಸರಿ ಮಾಡಿಸಬೇಕು.

ಇಲ್ಲಿಯವರೆಗೆ ಕೈಕೆಲಸ. ಇದರಾಚೆ ಇರುವುದು ಪರಿಚಯ ಮಾಡಿಸುವ ಕೆಲಸ. ಹೊಸ ಸೆನ್ಸರಿನ ಗುರುತಿನ ಸಂಖ್ಯೆ ಕಾರಿಗೆ ಗೊತ್ತಿಲ್ಲ. ಕೆಲವು ಕಾರು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿಯುತ್ತವೆ. ಕೆಲವಕ್ಕೆ ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸಾಧನ ಜೋಡಿಸಿ ಹೇಳಿಕೊಡಬೇಕು. ಇನ್ನೊಂದು ಉಪಾಯವೂ ಇದೆ. ಹಳೆಯ ಸೆನ್ಸರಿನ ಸಂಖ್ಯೆಯನ್ನೇ ಖಾಲಿ ಸೆನ್ಸರಿಗೆ ನಕಲು ಮಾಡಿದರೆ, ಕಾರಿಗೆ ಬದಲಾದದ್ದೇ ತಿಳಿಯುವುದಿಲ್ಲ. ಇದಕ್ಕೆ ಹಳೆಯದು ಪೂರ್ತಿ ಸಾಯುವ ಮೊದಲೇ ಸಂಖ್ಯೆ ಓದಿಟ್ಟುಕೊಂಡಿರಬೇಕು, ಇಲ್ಲವೇ ಅದರ ಮೈಮೇಲೆ ಅಚ್ಚಾದ ಸಂಖ್ಯೆ ಅಳಿಸಿರಬಾರದು.

ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ಯುರೋಪಿನಂತೆ ನಮ್ಮ ಕಾರುಗಳ ಸೆನ್ಸರ್ ಸಾಮಾನ್ಯವಾಗಿ ಮಾತಾಡುವುದು 433 ಮೆಗಾಹರ್ಟ್ಸ್‌ನಲ್ಲಿ, ಅಮೆರಿಕ, ಜಪಾನಿನ ಬಹಳಷ್ಟು ಕಾರುಗಳದ್ದು 315ರಲ್ಲಿ. ಎರಡೂ ನೋಡಲು ಒಂದೇ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 315ರದ್ದು ತರಿಸಿದರೆ, ನಾಲ್ಕು ಟೈರು ಬಿಚ್ಚಿ ಹಾಕಿದ ಮೇಲೂ ದೀಪ ಉರಿಯುತ್ತಲೇ ಇರುತ್ತದೆ.

ವಿದ್ಯೆ ಯಾರ ಕೈಯಲ್ಲಿ

ಗಂಗಾವತಿಯ ಟೈರ್ ಅಂಗಡಿಯೊಂದರಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಹಿರಿಯರೊಬ್ಬರನ್ನು ನಾವು ಈ ಬಗ್ಗೆ ಕೇಳಿದೆವು. ಅವರು ಹೇಳಿದ್ದು ಇಷ್ಟು: ‘ಟೈರ್ ಬಿಚ್ಚೋದು ನಮಗ ಯಾರೂ ಕಲಿಸಬೇಕಾಗಿಲ್ರಿ ಸರ. ಆದ್ರ ಒಳಗ ಏನಿಟ್ಟಾರಂತ ಯಾರೂ ಹೇಳಂಗಿಲ್ಲ. ಒಡದ್ರ ಮಾತ್ರ ನೀವ ಒಡದ್ರಿ ಅಂತಾರ.’

ಈ ಮಾತಿನಲ್ಲಿ ನೂರು ವರ್ಷದ ಬದಲಾವಣೆ ಇದೆ. ಹಳಿ ಕಾಯಿಸುವುದನ್ನು ಕಮ್ಮಾರ ತನ್ನ ಅಪ್ಪನಿಂದ ಕಲಿತ. ಸರಳು ಬಡಿದು ಕೇಳುವುದನ್ನು ಕ್ಲೀನರ್ ಹುಡುಗ ಡ್ರೈವರಣ್ಣನಿಂದ ಕಲಿತ. ಟ್ಯೂಬ್‌ಲೆಸ್ ಬಂದಾಗ ಪಂಕ್ಚರ್ ಅಂಗಡಿಯವರು ನೋಡಿ ನೋಡಿ ಕಲಿತರು. ಪ್ರತಿ ಸಲವೂ ವಿದ್ಯೆ ವಸ್ತುವಿನಲ್ಲೇ ಕಾಣುತ್ತಿತ್ತು, ಬಿಚ್ಚಿದರೆ ತಿಳಿಯುತ್ತಿತ್ತು. ಸೆನ್ಸರನ್ನು ಬಿಚ್ಚಿದರೆ ಕಾಣುವುದು ರಾಳ. ಅದರ ವಿದ್ಯೆ ಸಾಧನದಲ್ಲಿದೆ, ಸಾಫ್ಟ್‌ವೇರಿನಲ್ಲಿದೆ, ಅದು ಬೇರೆ ಊರಿನಲ್ಲಿದೆ. ಸೆನ್ಸರಿಗಿಂತ ಅದನ್ನು ಹಾಕಿಸಲು ದೊಡ್ಡ ಊರಿಗೆ ಹೋಗಿ ಬರುವುದೇ ಹಳೆಯ ಕಾರಿನ ಎರಡನೇ ಮಾಲೀಕನಿಗೆ ದುಬಾರಿ. ಹೀಗಾಗಿ ಅನೇಕರು ಮಾಡುವುದು ಸುಲಭದ ಕೆಲಸ. ದೀಪ ಉರಿಯಲಿ ಬಿಡು ಅನ್ನುತ್ತಾರೆ. ಸದಾ ಉರಿಯುವ ದೀಪ ಉರಿಯದ ದೀಪಕ್ಕೆ ಸಮ. ಮುಂದೆ ನಿಜವಾಗಿ ಗಾಳಿ ಇಳಿದ ದಿನ ಅದು ಏನೂ ಹೇಳುವುದಿಲ್ಲ.

ದುರಸ್ತಿಯ ಹಕ್ಕಿನ ಮಾತು ದೆಹಲಿಯಲ್ಲೂ ಎದ್ದಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಅದಕ್ಕಾಗಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ವಸ್ತುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಕೈಪಿಡಿ, ಬಿಡಿಭಾಗ, ದುರಸ್ತಿಯ ಮಾಹಿತಿ ಗ್ರಾಹಕನಿಗೆ ಸಿಗಬೇಕು ಅನ್ನುವುದು ಅದರ ಆಶಯ. ಆ ಆಶಯ ಗಿರಣಿ ರಸ್ತೆಯ ಅಂಗಡಿಯವರೆಗೆ, ಕನ್ನಡದಲ್ಲಿ ಬಂದರೆ ಅರ್ಥ.

ಅಲ್ಲಿಯವರೆಗೆ ನಾವೇ ಮಾಡಿಕೊಳ್ಳಬಹುದಾದ ಕೆಲಸಗಳಿವೆ. ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವವರು ಬ್ಯಾಟರಿಯ ಆರೋಗ್ಯ ಕೇಳುವಂತೆ, ಟೈರಿನ ಸೆನ್ಸರ್ ಯಾವ ಬಗೆಯದು, ಯಾವ ವರ್ಷದ್ದು, ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯೇ ಅಂತ ಕೇಳಬೇಕು. ಟೈರು ಬದಲಿಸುವ ದಿನವೇ ಆರೇಳು ವರ್ಷದ ಸೆನ್ಸರುಗಳನ್ನೂ ನಾಲ್ಕಕ್ಕೆ ನಾಲ್ಕು ಬದಲಿಸಿದರೆ ಬಿಚ್ಚುವ ಕೂಲಿ ಒಮ್ಮೆಗೇ ಮುಗಿಯುತ್ತದೆ. ಗುರುತಿನ ಸಂಖ್ಯೆಗಳ ಫೋಟೊ ತೆಗೆದು ಆರ್‌ಸಿ ಜೊತೆ ಇಟ್ಟುಕೊಳ್ಳಬೇಕು. ಅಂಗಡಿಯವನಿಗೆ ಗಾಲಿ ಕೊಡುವಾಗಲೇ ‘ಅಣ್ಣ, ಒಳಗೆ ಸೆನ್ಸರ್ ಐತಿ’ ಅಂತ ಹೇಳಬೇಕು. ವಾಲ್ವು ರಬ್ಬರಿನದಲ್ಲದೆ ಲೋಹದ್ದಾಗಿದ್ದರೆ ಇರುವ ಸಾಧ್ಯತೆ ಹೆಚ್ಚು. ಹಳೆಯ ಸೆನ್ಸರನ್ನು ಸವೆದ ಟೈರಿನ ಜೊತೆ ಬೆಂಕಿಗೆ ಹಾಕಬಾರದು, ಒಳಗಿರುವುದು ಲಿಥಿಯಂ. ಜಿಲ್ಲೆಯ ಐಟಿಐಗಳಲ್ಲಿ ಮೋಟಾರು ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಇದು ಒಂದು ದಿನದ ಪಾಠ. ಸಾಧನ ಒಂದೇ ಇದ್ದರೂ ಊರಿನ ಅಂಗಡಿಗಳೆಲ್ಲ ಸರದಿಯಲ್ಲಿ ಬಳಸಬಹುದು.

ಇವೆಲ್ಲ ಆಗುವವರೆಗೆ ನೂರಿನ್ನೂರು ರೂಪಾಯಿಯ ಕೈಗೇಜೊಂದು ಕಾರಿನಲ್ಲಿರಲಿ. ವಾರಕ್ಕೊಮ್ಮೆ, ಮುಂಜಾನೆ, ಟೈರು ತಣ್ಣಗಿರುವಾಗ ನೋಡಿದರೆ ಸಾಕು. ಸುದ್ದಿ ಬರೆಯುವ ನಮ್ಮ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಸಲ ‘ಟೈರ್ ಸಿಡಿದು’ ಅಂತ ಬರೆಯುವ ಮೊದಲು ಠಾಣೆಯಲ್ಲಿ ಎರಡು ಪ್ರಶ್ನೆ ಕೇಳೋಣ: ಉಳಿದ ಮೂರು ಟೈರಿನಲ್ಲಿ ಗಾಳಿ ಎಷ್ಟಿತ್ತು? ಆ ಕಾರಿನ ಹಳದಿ ದೀಪ ಎಷ್ಟು ದಿನದಿಂದ ಉರಿಯುತ್ತಿತ್ತು?